ನೂರ ನಲವತ್ತರ ಗೆರೆ

ನಾನು ಅಳತೆ-ತೂಕದ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದವನು. ಕಿರಾಣಿ ಅಂಗಡಿಯ ತಕ್ಕಡಿ, ಬಟ್ಟೆ ಅಂಗಡಿಯ ಮೀಟರ್ ಕೋಲು, ಪೆಟ್ರೋಲ್ ಬಂಕಿನ ಪಂಪು, ಇವೆಲ್ಲ ಸರಿ ಇವೆಯೋ ಇಲ್ಲವೋ ನೋಡಿ ಮುದ್ರೆ ಒತ್ತುವುದು ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಹತ್ತು ವರ್ಷವಾದರೂ ಕೈ ಸುಮ್ಮನಿರುವುದಿಲ್ಲ. ಕುವೆಂಪುನಗರದ ನಮ್ಮ ಮನೆಗೆ ಬರುವ ಹಾಲಿನ ಪ್ಯಾಕೆಟ್ಟು ಈಗಲೂ ಒಂದು ಸಲ ನನ್ನ ತಕ್ಕಡಿ ಹತ್ತಿ ಇಳಿದೇ ಒಲೆಯ ಮೇಲೆ ಹೋಗಬೇಕು. ಮಾವಿನಹಣ್ಣಿನ ಗಾಡಿಯವರು ಬೀದಿಯುದ್ದಕ್ಕೂ ಕೂಗಿಕೊಂಡು ಬಂದು ನಮ್ಮ ಗೇಟಿನ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡು ಸರಸರನೆ ಹೋಗುತ್ತಾರೆ. ಹೆಂಡತಿ ಇದನ್ನು ಅವಮಾನ ಅಂದುಕೊಂಡಿದ್ದಾಳೆ. ನಾನು ಗೌರವ ಅಂದುಕೊಂಡಿದ್ದೆ.

ನನ್ನ ಹತ್ತಿರ ಒಂದು ಉಕ್ಕಿನ ಟೇಪಿದೆ. ನಿವೃತ್ತಿಯಾಗುವ ತಿಂಗಳು ಸ್ವಂತ ದುಡ್ಡಿನಲ್ಲಿ ಕೊಂಡು, ಇಲಾಖೆಯಲ್ಲೇ ಪರೀಕ್ಷೆ ಮಾಡಿಸಿ, ಮುದ್ರೆ ಹಾಕಿಸಿಕೊಂಡು ಮನೆಗೆ ತಂದಿದ್ದು. ಅದನ್ನು ಒದ್ದೆ ಕೈಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಭಾನುವಾರ ಭಾನುವಾರ ಹಳೆಯ ಬನಿಯನ್ನಿನ ಚೂರಿನಿಂದ ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ ಡಬ್ಬಿಯಲ್ಲಿಡುತ್ತೇನೆ. ದೇವರ ಮನೆಯ ದೀಪದ ಕಂಬಗಳಿಗೆ ಇಷ್ಟು ಸೇವೆ ನಡೆಯುವುದಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಹೋದ ಬೇಸಿಗೆಯಲ್ಲಿ ಮೊಮ್ಮಗಳು ನಮ್ಮಲ್ಲಿಗೆ ಬಂದಳು. ಮಗಳ ಮಗಳು, ಹತ್ತು ವರ್ಷ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ರಜೆ ಬಂದ ಕೂಡಲೇ ಸಿದ್ಧಾರ್ಥನಗರದಿಂದ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ನಮ್ಮ ಮನೆಯಲ್ಲಿ ಇಳಿಸಿ ಹೋಗುತ್ತಾರೆ. ಈ ಸಲ ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ತಾತ, ವಾಟರ್ ಪಾರ್ಕಿಗೆ ಕರ್ಕೊಂಡೋಗಿ. ಈ ಸಲ ನಾನು ದೊಡ್ಡ ಜಾರುಬಂಡೆ ಹತ್ಲೇಬೇಕು."

ಊರಾಚೆ ಇರುವ ಆ ಪಾರ್ಕಿಗೆ ಅವಳು ಹಿಂದಿನ ವರ್ಷವೂ ಹೋಗಿದ್ದಳು, ರಾಜೀವನಗರದಲ್ಲಿರುವ ಅವಳ ದೊಡ್ಡಪ್ಪನ ಮನೆಯವರ ಜೊತೆ. ಅಲ್ಲಿ ನಾಲ್ಕು ಮಹಡಿ ಎತ್ತರದ ಒಂದು ಜಾರುಬಂಡೆಯಿದೆಯಂತೆ. ಅದಕ್ಕೆ ನೂರ ನಲವತ್ತು ಸೆಂಟಿಮೀಟರ್ ಎತ್ತರವಿಲ್ಲದವರನ್ನು ಹತ್ತಿಸುವುದಿಲ್ಲ. ಇವಳಿಗಿಂತ ನಾಲ್ಕೇ ತಿಂಗಳು ದೊಡ್ಡವನಾದ ದೊಡ್ಡಪ್ಪನ ಮಗ ಏಳು ಸಲ ಜಾರಿ ಬಂದ. ಇವಳಿಗೆ ಸಿಕ್ಕಿದ್ದು ಕೆಳಗೆ ನಿಂತು ಎಲ್ಲರ ಚಪ್ಪಲಿ ಕಾಯುವ ಕೆಲಸ. ಅವನು ಒಂದು ವರ್ಷದಿಂದ ಇವಳನ್ನು ಕರೆಯುವುದೇ 'ಚಪ್ಪಲಿ ಸ್ಟ್ಯಾಂಡು' ಎಂದು. ಇದನ್ನು ಕೇಳಿ ನನಗೆ ಆ ಹುಡುಗನ ಮೇಲೆ ಕೆಂಡದಂಥ ಸಿಟ್ಟು ಬಂತು. ಆಗಲಮ್ಮ, ಹೋಗೋಣ ಎಂದುಬಿಟ್ಟೆ.

ಎಂದುಬಿಟ್ಟು, ಮಗಳ ಫೋನಿನಲ್ಲಿ ಆ ಪಾರ್ಕಿನ ದರಪಟ್ಟಿ ತೆಗೆಸಿ ಓದಿದೆ. ನನ್ನ ಪಿಂಚಣಿಗೂ ಆ ದರಪಟ್ಟಿಗೂ ಯಾವ ಜನ್ಮದ ಪರಿಚಯವೂ ಇರಲಿಲ್ಲ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು. ನೂರ ನಲವತ್ತು ಸೆಂಟಿಮೀಟರಿಗಿಂತ ಕಡಿಮೆ ಎತ್ತರದವರಿಗೆ ಅರ್ಧ ಟಿಕೆಟ್ಟು. ಗೇಟಿನಲ್ಲಿಯೇ ಅಳೆದು, ಗೆರೆಗಿಂತ ಕೆಳಗಿದ್ದರೆ ಕೈಗೆ ಹಳದಿ ಪಟ್ಟಿ, ಮೇಲಿದ್ದರೆ ಕೆಂಪು ಪಟ್ಟಿ ಕಟ್ಟುತ್ತಾರೆ. ಕೆಂಪು ಪಟ್ಟಿಯವರಿಗೆ ಮಾತ್ರ ದೊಡ್ಡ ಜಾರುಬಂಡೆ.

ಒಂದೇ ಗೆರೆ. ಅವಳು ಅದರ ಕೆಳಗಿದ್ದರೆ ನನಗೆ ಲಾಭ, ಮೇಲಿದ್ದರೆ ಅವಳಿಗೆ.

ಕೂಡಲೇ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದೆ. ನೂರ ಮೂವತ್ತೊಂಬತ್ತು, ಮೇಲೆ ಆರು ಮಿಲಿಮೀಟರ್. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಇನ್ನು ನಾಲ್ಕೇ ಮಿಲಿಮೀಟರ್ ತಾತ!" ಎಂದು ಕುಣಿದಳು.

ನಾಲ್ಕು ಮಿಲಿಮೀಟರ್ ಕಡಿಮೆ ಇದೆ ಎಂದು ನಾನೂ ಒಳಗೊಳಗೇ ಕುಣಿದೆ. ಮೇ ತಿಂಗಳ ಮೊದಲ ಬುಧವಾರ ಹೋಗುವುದೆಂದು ಗೊತ್ತಾಯಿತು, ಯಾಕೆಂದರೆ ಶನಿವಾರ ಭಾನುವಾರದ ದರ ಬೇರೆ. ಅಲ್ಲಿಯವರೆಗೆ ಹದಿನೆಂಟು ದಿನವಿತ್ತು. ಅಷ್ಟರಲ್ಲಿ ನಾಲ್ಕು ಮಿಲಿಮೀಟರ್ ಬೆಳೆಯಬೇಕೆಂದು ಅವಳು, ಬೆಳೆಯದೆ ಇದ್ದರೆ ಸಾಕೆಂದು ನಾನು, ಒಂದೇ ಮನೆಯಲ್ಲಿ ಕೆಲಸ ಶುರು ಮಾಡಿದೆವು.

ಅವಳು ಬೆಳಿಗ್ಗೆ ಎದ್ದು ಹಿತ್ತಲಿನ ಸೀಬೆಮರದ ಕೊಂಬೆಗೆ ನೇತಾಡುವಳು. ಯಾರೋ ಹೇಳಿದರೆಂದು ಮೊಳಕೆ ಕಟ್ಟಿದ ಹೆಸರುಕಾಳು ತಿನ್ನುವಳು. ಮೂರನೇ ಲೋಟ ಹಾಲು ಕೇಳಿದಾಗ ಅವಳಜ್ಜಿ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು. ನಾನು ಕ್ರೂರಿಯಲ್ಲ, ಊಟ ಕಡಿಮೆ ಮಾಡಿಸಲಿಲ್ಲ. ಆದರೆ ತಲೆಯ ಮೇಲೆ ಪುಸ್ತಕ ಇಟ್ಟುಕೊಂಡು ನಡೆದರೆ ನಡಿಗೆ ಚೆಂದವಾಗುತ್ತದೆ ಎಂದು ಹೇಳಿ, ನಮ್ಮ ಇಲಾಖೆಯ ಕಾನೂನಿನ ಎರಡು ದಪ್ಪ ಸಂಪುಟಗಳನ್ನು ಅವಳ ತಲೆಯ ಮೇಲೆ ಇಟ್ಟದ್ದು ನಿಜ. ಎರಡು ದಿನ ನಡೆದಳು. ಮೂರನೇ ದಿನ ಕಾರಣ ಅವಳಿಗೆ ಹೊಳೆದು, ಪುಸ್ತಕಗಳು ಸೋಫಾದ ಕೆಳಗೆ ಸಿಕ್ಕಿದವು.

ದಿನಕ್ಕೆ ಮೂರು ಸಲ ಅಳೆಯುತ್ತಿದ್ದೆ. ಇದರಿಂದ ಒಂದು ವಿಷಯ ತಿಳಿಯಿತು. ಮನುಷ್ಯ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಉದ್ದವಿರುತ್ತಾನೆ, ಓಡಾಡಿದ ಹಾಗೆ ಕುಗ್ಗುತ್ತಾನೆ. ಬೆಳಿಗ್ಗೆ ಆರಕ್ಕೆ ಅವಳು ನೂರ ನಲವತ್ತರ ಮೇಲೆ ಒಂದು ಕೂದಲು. ಹನ್ನೊಂದರ ಹೊತ್ತಿಗೆ ನೂರ ಮೂವತ್ತೊಂಬತ್ತೂ ಚಿಲ್ಲರೆ. ಇದನ್ನು ನಾನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ಅವಳು ಏಳುವುದನ್ನೇ ಬಿಟ್ಟಳು. ಹಾಲ್‌ನ ಕೆಂಪು ನೆಲದ ಮೇಲೆ ಚಾಪೆ ಹಾಸಿಕೊಂಡು ಕೈಕಾಲು ನೀಡಿ ಮಲಗಿದಳೆಂದರೆ ಊಟಕ್ಕೆ ಮಾತ್ರ ಏಳುವುದು. ಪಾರ್ಕಿಗೂ ಆಟೋದಲ್ಲಿ ಮಲಗಿಕೊಂಡೇ ಬರುತ್ತೇನೆ ಎಂದಳು. ನಾನು ಸಿಟಿ ಬಸ್ಸು ಎಂದೆ. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ, ಒಂದೂವರೆ ಗಂಟೆ ಕುಲುಕಾಟದಲ್ಲಿ ಎಷ್ಟೋ ಮಿಲಿಮೀಟರ್ ಇಳಿಯುವುದೂ ಸೇರಿ ನನಗೆ ಎರಡು ಲಾಭ.

"ಮಗುನ ಅಳೆದೂ ಅಳೆದೂ ಸವೆಸ್ಬುಟ್ರಿ ಕಣ್ರೀ," ಎಂದು ಹೆಂಡತಿ ಅಡುಗೆಮನೆಯಿಂದ ಗೊಣಗಿದಳು. "ಅದು ಮಗುವಾ, ಪೆಟ್ರೋಲ್ ಬಂಕಾ?"

ಈ ನಡುವೆ ಒಂದು ಮಧ್ಯಾಹ್ನ ನಡೆದ ಸಣ್ಣ ಸಂಗತಿಯನ್ನು ಹೇಳಬೇಕು. ಅವಳು ಎಂದಿನಂತೆ ಹಾಲ್‌ನಲ್ಲಿ ಅಡ್ಡ ಮಲಗಿದ್ದಳು. ನಾನು ಟೇಪಿನ ಡಬ್ಬಿ ತರಲು ರೂಮಿಗೆ ಹೊರಟವನು, ಸುತ್ತಿ ಹೋಗಲು ಬೇಸರವಾಗಿ ಅವಳನ್ನು ದಾಟಿಕೊಂಡು ಹೋದೆ.

"ತಾತಾ! ದಾಟ್ಬುಟ್ರಿ!" ಎಂದು ಕಿರುಚಿದಳು. "ವಾಪಸ್ ದಾಟಿ, ವಾಪಸ್ ದಾಟಿ!"

ಮಲಗಿದ ಮಕ್ಕಳನ್ನು ದಾಟಿದರೆ ಅವು ಬೆಳೆಯುವುದಿಲ್ಲ, ತಪ್ಪಿ ದಾಟಿದರೆ ಹಾಗೇ ಹಿಂದಕ್ಕೆ ದಾಟಿಬಿಡಬೇಕು ಎಂಬ ನಂಬಿಕೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನನ್ನನ್ನು ದಾಟಿದ ಸೋದರಮಾವನನ್ನು ನಮ್ಮಮ್ಮ ಬಾಗಿಲಿನಿಂದ ವಾಪಸ್ ಕರೆಸಿ ದಾಟಿಸಿದ್ದು ನನಗೇ ನೆನಪಿದೆ. ಆದರೆ ಅಂದು ನಾನು ಎದೆಯುಬ್ಬಿಸಿ ನಿಂತು, "ಇದೆಲ್ಲ ಮೂಢನಂಬಿಕೆ ಕಣಮ್ಮ. ಬೆಳೆಯೋದು ಮೂಳೆ. ದಾಟೋದಕ್ಕೂ ಮೂಳೆಗೂ ಏನು ಸಂಬಂಧ?" ಎಂದು ಭಾಷಣ ಮಾಡಿದೆ.

"ದಾಟ್ಬುಡ್ರೀ, ನಿಮ್ಮ ಕಾಲೇನು ಸವೆಯುತ್ತಾ?" ಎಂದಳು ಹೆಂಡತಿ.

ದಾಟಲಿಲ್ಲ. ಈಗ ಯಾಕೆ ಮುಚ್ಚಿಡಲಿ, ನಂಬಿಕೆ ಇಲ್ಲದ್ದಕ್ಕೆ ದಾಟದೆ ಉಳಿದವನಲ್ಲ ನಾನು. ಅಕಸ್ಮಾತ್ ನಿಜವೇ ಆಗಿದ್ದರೆ ಬುಧವಾರದವರೆಗೆ ಹಾಗೇ ಇರಲಿ, ಆಮೇಲೆ ದಾಟಿದರಾಯಿತು ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಇತ್ತು.

ಬುಧವಾರ ಬಂತು. ಮಂಡಿನೋವಿನ ಹೆಂಡತಿ ಮನೆಯಲ್ಲೇ ಉಳಿದು, ಚಿತ್ರಾನ್ನ ಮೊಸರನ್ನದ ಡಬ್ಬಿ ಕಟ್ಟಿಕೊಟ್ಟಳು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಒಳಗಿನ ತಿಂಡಿ ನಮಗೆ ಹಿಡಿಸುವ ದರದ್ದಲ್ಲ. ಆದ್ದರಿಂದ ಮಧ್ಯಾಹ್ನದ ಊಟವನ್ನು ಗೇಟಿನ ಹೊರಗೆ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೇ ಮುಗಿಸಿಬಿಡುವುದೆಂದು ನನ್ನ ಯೋಜನೆ. ನೀರಿಗಿಳಿಯಲು ನೈಲಾನ್ ಬಟ್ಟೆ ಕಡ್ಡಾಯ, ಅಲ್ಲಿ ಬಾಡಿಗೆಗೆ ಕೊಡುತ್ತಾರೆ. ಬಾಡಿಗೆ ಯಾಕೆಂದು, ಅಳಿಯ ಕಾಲೇಜಿನಲ್ಲಿ ವಾಲಿಬಾಲ್ ಆಡುವಾಗ ಹಾಕುತ್ತಿದ್ದ ನೀಲಿ ಚಡ್ಡಿ, ಬೆನ್ನಿನ ಮೇಲೆ ಏಳು ನಂಬರಿರುವ ಬನಿಯನ್ನು ತರಿಸಿಕೊಂಡಿದ್ದೆ. ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಟೇಪಿನ ಡಬ್ಬಿ.

ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ಅವಳು ಕೂರಲಿಲ್ಲ. ಮೇಲಿನ ಕಂಬಿಯಿಂದ ಇಳಿಬಿದ್ದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮಡಚಿ, ದಾರಿಯುದ್ದಕ್ಕೂ ನೇತಾಡಿದಳು.

"ಏನ್ ಸಾರ್, ಮಗು ಬಾವಲಿ ತರ ನೇತಾಡ್ತೈತೆ?" ಎಂದ ಕಂಡಕ್ಟರು.

"ಬೆಳೀತಾ ಇದೀನಿ ಅಂಕಲ್," ಎಂದಳು ಅವಳು, ಹಲ್ಲು ಕಚ್ಚಿಕೊಂಡು.

ಗೇಟಿನ ಹೊರಗೆ ಮರದ ಕೆಳಗೆ ಕೂತು ಊಟ ಮುಗಿಸಿದೆವು. ಅವಳು ಮೊಸರನ್ನವನ್ನೂ ನಿಂತೇ ತಿಂದಳು. ಆಮೇಲೆ ಸಾಲಿಗೆ ಹೋಗಿ ನಿಂತೆವು. ಟಿಕೆಟ್ ಕಿಟಕಿಯ ಪಕ್ಕದ ಗೋಡೆಗೆ ಎತ್ತರ ಅಳೆಯುವ ಹಲಗೆ ಹೊಡೆದಿದ್ದರು. ಅದರ ಮೇಲೆ ನಗುವ ಜಿರಾಫೆಯ ಚಿತ್ರ, ಜಿರಾಫೆಯ ಮೂಗಿನ ಮೇಲೆ ಹಾದುಹೋದ ಕೆಂಪು ಗೆರೆ. ನಮ್ಮ ಸರದಿ ಬಂತು. ಒಳಗಿದ್ದ ಹುಡುಗಿ ಹೊರಗೆ ಬಂದು ಅವಳನ್ನು ನಿಲ್ಲಿಸಿ, ತಲೆಯ ಮೇಲೆ ಪ್ಲಾಸ್ಟಿಕ್ ಸ್ಕೇಲು ಇಟ್ಟಳು. ಸ್ಕೇಲು ಕೆಂಪು ಗೆರೆಗಿಂತ ಒಂದು ಬೆರಳು ಮೇಲಿತ್ತು.

"ಇದು ದೊಡ್ಡೋರ ಟಿಕೆಟ್ಟು ಸಾರ್," ಎಂದು ಆ ಹುಡುಗಿ ಮೊಮ್ಮಗಳ ಕೈಗೆ ಕೆಂಪು ಪಟ್ಟಿ ಕಟ್ಟಿಬಿಟ್ಟಳು.

ಮೊಮ್ಮಗಳು ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅವಳ ಹುಟ್ಟುಹಬ್ಬದಲ್ಲೂ ನೋಡಿರಲಿಲ್ಲ. ಆ ಮುಖವನ್ನು ನೋಡಿದೆ. ನೋಡಿ, ಅಲ್ಲಿಗೆ ಸುಮ್ಮನಾಗಬೇಕಿತ್ತು. ನಾನು ಕೆಳಗೆ ನೋಡಿದೆ.

ನೆಲಕ್ಕೆ ಹೊಸ ಟೈಲ್ಸು ಹಾಕಿದ್ದರು. ಹಲಗೆ ಹಳೆಯದು. ಹಲಗೆ ಹೊಡೆದ ಮೇಲೆ ಟೈಲ್ಸು ಹಾಕಿದ್ದಾರೆ, ನೆಲ ಮೇಲೆ ಬಂದಿದೆ, ಹಲಗೆ ಮಾತ್ರ ಇದ್ದಲ್ಲೇ ಇದೆ. ಮೂವತ್ತೊಂದು ವರ್ಷದ ಅಭ್ಯಾಸ, ಕೈ ತಾನಾಗಿ ಬ್ಯಾಗಿಗೆ ಹೋಯಿತು.

"ಸ್ವಲ್ಪ ಪಕ್ಕಕ್ಕೆ ಸರಿಯಮ್ಮ," ಎಂದು ಟೇಪು ಎಳೆದೆ. ಹಲಗೆಯ ಮೇಲಿನ ನೂರರ ಗುರುತು ನೆಲದಿಂದ ತೊಂಬತ್ತೆಂಟೂ ಚಿಲ್ಲರೆಯಲ್ಲಿತ್ತು. ಸುಮಾರು ಎರಡು ಸೆಂಟಿಮೀಟರ್ ತಪ್ಪು. "ಯಾರು ಇದಕ್ಕೆ ಜವಾಬ್ದಾರಿ? ಕರೀರಿ!" ಎಂದು ಗುಡುಗಿದೆ. ಹತ್ತು ವರ್ಷದಿಂದ ಬೀರುವಿನಲ್ಲಿಟ್ಟಿದ್ದ ದನಿ ಅದು. ಒಂದಿಷ್ಟೂ ಹಳತಾಗಿರಲಿಲ್ಲ.

ಮ್ಯಾನೇಜರು ಬಂದ. ಟೇಪಿನ ಮುದ್ರೆ ತೋರಿಸಿದೆ, ಟೈಲ್ಸು ತೋರಿಸಿದೆ, ಜಿರಾಫೆಯ ಕಾಲಿನ ಗೊರಸು ಸಿಮೆಂಟಿನೊಳಗೆ ಹೂತುಹೋಗಿರುವುದನ್ನು ತೋರಿಸಿದೆ. ಅವನು ಜಗಳಕ್ಕೆ ಬರಲಿಲ್ಲ. ಮಂಡಿಯೂರಿ ಕೂತು ತಾನೂ ಅಳೆದು ನೋಡಿ, "ಒಳ್ಳೇದಾಯ್ತು ಸಾರ್ ಹೇಳಿದ್ದು. ಇದು ಸೇಫ್ಟಿ ವಿಷಯ," ಎಂದು ಅಲ್ಲೇ ಕೆಂಪು ಟೇಪು ತರಿಸಿ ಹೊಸ ಗೆರೆ ಹಾಕಿಸಿದ. ಸಾಲಿನಲ್ಲಿದ್ದ ಅಪ್ಪಂದಿರು ಚಪ್ಪಾಳೆ ತಟ್ಟಿದರು. ನಮ್ಮ ಮಗುನೂ ಅಳೀರಿ ಸಾರ್, ನಮ್ಮದೂ ಅಳೀರಿ ಎಂದು ಮುಗಿಬಿದ್ದರು. ನಾನು ಒಂದೊಂದೇ ಮಗುವನ್ನು ನಿಲ್ಲಿಸಿ, ಹಿಮ್ಮಡಿ ಒತ್ತಿಸಿ, ಗದ್ದ ಇಳಿಸಿ, ಟೇಪು ಹಿಡಿದು ಘೋಷಿಸಿದೆ. ಇನ್ನೂ ಐದು ಮಕ್ಕಳು ಗೆರೆಯ ಕೆಳಗೆ ಬಂದವು. ಒಬ್ಬರು ನನ್ನ ಕಾಲು ಮುಟ್ಟಿ ನಮಸ್ಕಾರವನ್ನೇ ಮಾಡಿಬಿಟ್ಟರು. ನಿವೃತ್ತಿಯ ದಿನ ಹಾಕಿದ ಹಾರಕ್ಕಿಂತ ಇದು ದೊಡ್ಡದು ಎಂದು ನನಗನ್ನಿಸಿತು.

ಆಮೇಲೆ ಆ ಹುಡುಗಿ ಕತ್ತರಿ ತಂದು, ಹೊಸ ಗೆರೆಯನ್ನು ಮುಟ್ಟದ ಮೊಮ್ಮಗಳ ಕೈಯಲ್ಲಿದ್ದ ಕೆಂಪು ಪಟ್ಟಿಯನ್ನು ಕತ್ತರಿಸಿ, ಹಳದಿ ಕಟ್ಟಿದಳು. ಮೊಮ್ಮಗಳು ಕತ್ತರಿಸಿ ಕೆಳಗೆ ಬಿದ್ದ ಪಟ್ಟಿಯನ್ನು ಬಗ್ಗಿ ಎತ್ತಿಕೊಂಡಳು.

ಒಳಗೆ ಹೋಗಿ, ಬಟ್ಟೆ ಬದಲಿಸಿ, ಏಳು ನಂಬರಿನ ಆಟಗಾರನಾಗಿ ಹೊರಗೆ ಬಂದೆ. ಹಳದಿ ಪಟ್ಟಿಯವರ ಕೊಳದಲ್ಲಿ ನೀರು ಪಾದ ಮುಚ್ಚುವಷ್ಟಿತ್ತು. ನಡುವೆ ಒಂದು ಸಿಮೆಂಟಿನ ಆನೆ ಸೊಂಡಿಲಿನಿಂದ ನೀರು ಬಿಡುತ್ತಿತ್ತು. ಸುತ್ತ ಹಾಲುಹಲ್ಲಿನ ಮಕ್ಕಳು. ಅವುಗಳ ಮಧ್ಯೆ ನನ್ನ ಹತ್ತು ವರ್ಷದ ಮೊಮ್ಮಗಳು ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಆಚೆ ದೊಡ್ಡ ಜಾರುಬಂಡೆಯಿಂದ ಕೂಗುತ್ತಾ ಇಳಿಯುವವರ ದನಿ ಕೇಳುತ್ತಿತ್ತು.

"ಪುಟ್ಟಿ, ನೋಡಲ್ಲಿ ಆನೆ," ಎಂದೆ. ಇಷ್ಟು ದಡ್ಡ ಮಾತನ್ನು ನಾನು ಜೀವನದಲ್ಲಿ ಇನ್ನೊಂದು ಆಡಿದ ನೆನಪಿಲ್ಲ.

"ತಾತ, ನಿಮ್ಮ ಟೇಪು ತಪ್ಪು ತೋರಿಸಲ್ಲ ಅಲ್ವಾ?"

"ಇಲ್ಲಮ್ಮ."

"ಹಂಗಾದ್ರೆ ನಾನೇ ಬೆಳೆದಿಲ್ಲ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಅವತ್ತು ನನ್ನ ದಾಟಿದ್ರಲ್ಲ ತಾತ, ಅದಕ್ಕೇ."

ಬೈದಿದ್ದರೆ ಚೆನ್ನಾಗಿತ್ತು, ಅತ್ತಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನ ಟೇಪನ್ನು ನಂಬಿ ತನ್ನ ಮೂಳೆಯನ್ನು ಅನುಮಾನಿಸಿದಳಲ್ಲ ಎಂದು ನಾಚಿಕೆಯಾಯಿತು. ಅದೇ ಚಡ್ಡಿಯಲ್ಲಿ ಮ್ಯಾನೇಜರನ ರೂಮಿಗೆ ಓಡಿದೆ. ಪೂರಾ ಟಿಕೆಟ್ಟಿನ ದುಡ್ಡು ಕೊಡುತ್ತೇನೆ, ಬೇಕಾದರೆ ಎರಡು ಟಿಕೆಟ್ಟಿನದು ಕೊಡುತ್ತೇನೆ, ಮಗುವಿಗೆ ಕೆಂಪು ಪಟ್ಟಿ ಕಟ್ಟಿಸಿ ಎಂದು ಕೈಮುಗಿದೆ.

"ನೀವೇ ಹೇಳಿದ್ರಲ್ಲ ಸಾರ್," ಎಂದ ಅವನು, ಪಾಪ, ಮೆತ್ತಗೆ. "ಈಗ ಗೊತ್ತಾದ ಮೇಲೆ ಹತ್ಸೋಕಾಗಲ್ಲ. ನಾಳೆ ಹೆಚ್ಚುಕಮ್ಮಿ ಆದ್ರೆ?"

"ನನ್ನ ಟೇಪು ತಪ್ಪಿರಬಹುದು," ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು.

"ಮುದ್ರೆ ಐತಲ್ಲ ಸಾರ್," ಎಂದ.

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಇನ್ನು ನನ್ನ ಕೈಯಲ್ಲಿ ಉಳಿದದ್ದು ಒಂದೇ ಕೆಲಸ. ವಾಪಸ್ ಬಂದು ಕೊಳದ ದಂಡೆಯಲ್ಲಿ ನಿಂತೆ.

"ಮಲಕ್ಕೋ ಪುಟ್ಟಿ. ವಾಪಸ್ ದಾಟ್ತೀನಿ."

ಅವಳು ಎದ್ದು ಬಂದು, ಸಿಮೆಂಟಿನ ದಂಡೆಯ ಮೇಲೆ ಕೈಕಾಲು ನೀಡಿ ಮಲಗಿದಳು.

"ಅವತ್ತು ಯಾವ ಕಾಲಲ್ಲಿ ದಾಟಿದ್ರಿ ತಾತ?"

ನನಗೆ ನೆನಪಿರಲಿಲ್ಲ. ಅವಳ ಎತ್ತರವನ್ನು ಹದಿನೆಂಟು ದಿನ ಮಿಲಿಮೀಟರ್ ಸಮೇತ ಬರೆದಿಟ್ಟವನಿಗೆ ಅದೊಂದು ನೆನಪಿರಲಿಲ್ಲ.

"ಹಂಗಾದ್ರೆ ಎರಡೂ ಕಾಲಲ್ಲಿ ದಾಟಿ. ಒಟ್ಟಿಗೆ."

ಎಪ್ಪತ್ತು ವರ್ಷದವನು, ಒದ್ದೆ ನೆಲ. ಹಾರಲು ಪಂಚೆಯ ಬದಲು ಚಡ್ಡಿಯಿದ್ದದ್ದು ಒಂದು ಪುಣ್ಯ. ಮಂಡಿ ಬಗ್ಗಿಸುತ್ತಿರುವಾಗ ನೋಡುತ್ತೇನೆ, ಗೇಟಿನಲ್ಲಿ ನಾನು ಅಳೆದು ಗೆರೆಯ ಕೆಳಗಿಳಿಸಿದ್ದ ಐದೂ ಮಕ್ಕಳು ಸುತ್ತ ಬಂದು ನಿಂತಿವೆ. ವಿಷಯ ಹೇಗೆ ಹಬ್ಬಿತೋ, ಒಂದೊಂದಾಗಿ ಮೊಮ್ಮಗಳ ಪಕ್ಕಕ್ಕೆ ಸಾಲಾಗಿ ಮಲಗಿಬಿಟ್ಟವು.

"ನಮ್ಮನ್ನೂ ದಾಟಿ ತಾತ," ಎಂದಿತು ಒಂದು.

"ನಿಮ್ಮನ್ನ ನಾನು ದಾಟೇ ಇಲ್ವಲ್ರೋ! ಈಗ ದಾಟಿದ್ರೆ ಅದೇ ಮೊದಲನೇ ಸಲ ಆಗುತ್ತೆ, ಆಮೇಲೆ ವಾಪಸ್ ಬೇರೆ ದಾಟಬೇಕು," ಎಂದು ಲೆಕ್ಕ ವಿವರಿಸಲು ಹೋದೆ.

"ದಾಟಿದೀರ ತಾತ," ಎಂದಳು ಮೊಮ್ಮಗಳು, ಮಲಗಿದ್ದಲ್ಲಿಂದಲೇ, ಆಕಾಶ ನೋಡುತ್ತಾ. "ಗೇಟಲ್ಲಿ. ಟೇಪ್ ಹಿಡ್ಕೊಂಡು."

ಆ ಕಡೆಯ ತುದಿಯಿಂದ ಶುರು ಮಾಡಿದೆ. ಎರಡೂ ಕಾಲು ಜೋಡಿಸಿ, ಕೈ ಬೀಸಿ, ಒಂದು ಮಗು ಹಾರಿದೆ, ಉಸಿರು ತೆಗೆದುಕೊಂಡು ಇನ್ನೊಂದು ಹಾರಿದೆ. "ಅಜ್ಜಾ, ಇಲ್ಲಿ ಹಾರಂಗಿಲ್ಲ!" ಎಂದು ಕಾವಲಿನವನು ಪೀಪಿ ಊದುತ್ತಾ ಓಡಿ ಬಂದ. ಚಪ್ಪಾಳೆ ತಟ್ಟಿದ್ದ ಅಪ್ಪಂದಿರು ದೂರದಿಂದ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮೂರನೆಯದು, ನಾಲ್ಕನೆಯದು, ಐದನೆಯದು. ಕೊನೆಗೆ ಮೊಮ್ಮಗಳು. ಅವಳನ್ನು ಹಾರುವ ಮೊದಲು ಕಣ್ಣು ಮುಚ್ಚಿ, ಯಾವ ದೇವರು ಇಂಥ ಇಲಾಖೆ ನೋಡಿಕೊಳ್ಳುತ್ತಾನೋ ಗೊತ್ತಿಲ್ಲದೆ, ಬೆಳೆಯಲಿ ಎಂದು ಬೇಡಿಕೊಂಡೆ. ಹಾರಿದೆ. ಆ ಕಡೆ ಕಾಲು ಜಾರಿ, ಪಾದ ಮುಚ್ಚುವ ನೀರಿನಲ್ಲಿ ಆನೆಯ ಸೊಂಡಿಲಿನ ಕೆಳಗೆ ಧಡಕ್ಕನೆ ಕೂತೆ.

ಅವಳು ಎದ್ದು ಬಂದು ನನ್ನ ತೋಳು ಹಿಡಿದು ಎಬ್ಬಿಸಿದಳು. ಪಟ್ಟಿ ಬದಲಾದ ಮೇಲೆ ಮೊದಲ ಬಾರಿಗೆ ನಗುತ್ತಿದ್ದಳು. ಅಭ್ಯಾಸಬಲದಿಂದ ನನ್ನ ಕೈ ದಂಡೆಯಲ್ಲಿದ್ದ ಬ್ಯಾಗಿನ ಕಡೆ ಹೋಯಿತು. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಬೇಡ ತಾತ. ಅಳೀಬೇಡಿ. ಸುಮ್ನೆ ಬೆಳೀತೀನಿ ಬುಡಿ."

ಸಂಜೆ ಹೊರಡುವಾಗ ಅವಳ ಒದ್ದೆ ಟವೆಲಿಗೆ ಬ್ಯಾಗಿನಲ್ಲಿ ಜಾಗವಿರಲಿಲ್ಲ. ಟೇಪನ್ನು ಡಬ್ಬಿಗೆ ಹಾಕಿರಲಿಲ್ಲ. ಅದನ್ನು ಹಾಗೇ ತಳಕ್ಕೆ ತಳ್ಳಿ, ಟವೆಲನ್ನು ಅದರ ಮೇಲೆ ತುರುಕಿ, ಜಿಪ್ ಎಳೆದು, ಅವಳ ಕೈಹಿಡಿದು ಬಸ್ಸಿಗೆ ನಡೆದೆ.